ತಂದೆ ಮತ್ತು ಮಗ ಒಟ್ಟಿಗೆ ನೈಟ್ಸ್ ಆಫ್ ಕೊಲಂಬಸ್ ಸೇರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕದ ಅನೇಕ ಕಥೋಲಿಕ ಚರ್ಚುಗಳಲ್ಲಿ ವರ್ಷಕ್ಕೊಮ್ಮೆ, ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವವರ ಎದುರಿಗೆ ಹಳದಿ ಏಪ್ರನ್ ತೊಟ್ಟ ಕೆಲವು ಗಂಡಸರು ಡಬ್ಬಿ ಹಿಡಿದು ನಿಂತಿರುತ್ತಾರೆ. ಡಬ್ಬಿಗೆ ಒಂದು ಡಾಲರ್ ಹಾಕಿದರೆ ಕೈಗೊಂದು ಟೂಟ್ಸಿ ರೋಲ್ ಮಿಠಾಯಿ ಬರುತ್ತದೆ. ಹಣ ಬೌದ್ಧಿಕ ನ್ಯೂನತೆ ಇರುವವರ ಸೇವೆಗೆ ಹೋಗುತ್ತದೆ. ಅವರೇ ನೈಟ್ಸ್ ಆಫ್ ಕೊಲಂಬಸ್ ಎಂಬ ಕಥೋಲಿಕ ಗಂಡಸರ ಸೇವಾಸಂಘದ ಸದಸ್ಯರು. ಊರಿನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನೂ ಕಥೋಲಿಕ್ ಸಭಾವನ್ನೂ ವಾರ್ಡಿನ ಗುರ್ಕಾರರನ್ನೂ ಕಂಡು ಬೆಳೆದ ನಮ್ಮವರು ಈ ಸಂಘ ಯಾವುದೆಂದು ವಿಚಾರಿಸದೆ ಮಿಠಾಯಿ ಪಡೆದು ಕಾರಿನತ್ತ ನಡೆಯುವುದೇ ಹೆಚ್ಚು. ನಾನೂ ಹಲವು ವರ್ಷ ಹಾಗೆಯೇ ನಡೆದವನು. ಮಗನಿಗೆ 18 ತುಂಬಿದ ವರ್ಷ ನಾವಿಬ್ಬರೂ ಒಂದೇ ಸಂಜೆ ಸದಸ್ಯರಾದೆವು. ಆ ದಾರಿಯಲ್ಲಿ ನಾನು ಎಡವಿದ ಕಡೆಗಳನ್ನೂ ಸೇರಿಸಿ, ಇದೇ ಯೋಚನೆಯಲ್ಲಿರುವ ತಂದೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಸಂಘದಲ್ಲಿ ಕುಟುಂಬ ಸದಸ್ಯತ್ವವೆಂಬ ಒಂದೇ ಚೀಟಿಯ ಮೇಲೆ ತಂದೆ-ಮಗ ಒಳಹೋಗುವುದಿಲ್ಲ. ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಬೇರೆ ಬೇರೆ ಅರ್ಜಿ ಹಾಕಿ ಒಳಗೆ ಹೋಗುತ್ತಾರೆ, ಹೋದ ಮೇಲೆ ಒಬ್ಬರನ್ನೊಬ್ಬರು ಸಹೋದರರೆಂದೇ ಕರೆಯಬೇಕಾಗುತ್ತದೆ. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ತಂದೆಗೆ ಕಷ್ಟವಾಗುವುದು ಇದೊಂದೇ.

ಸಂಘದ ಹಿನ್ನೆಲೆಯನ್ನು ಓದಿಕೊಳ್ಳಿ

ಹಿನ್ನೆಲೆ ತಿಳಿಯದೆ ಸೇರಿದವರಿಗೆ ಇದು ಬರೀ ತಿಂಡಿ-ತೀರ್ಥದ ಕ್ಲಬ್ಬಿನಂತೆ ಕಾಣುತ್ತದೆ. ಸಂಘವನ್ನು ಕಟ್ಟಿದ ಫಾದರ್ ಮೈಕೆಲ್ ಮೆಕ್‌ಗಿವ್ನಿ 1852ರಲ್ಲಿ ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಕುಟುಂಬವೊಂದರ 13 ಮಕ್ಕಳಲ್ಲಿ ಹಿರಿಯರಾಗಿ ಹುಟ್ಟಿದರು. ಅವರು ಗುರುಮಠದಲ್ಲಿ ಓದುತ್ತಿದ್ದಾಗಲೇ, 1873ರಲ್ಲಿ, ತಂದೆ ತೀರಿಕೊಂಡರು. ದುಡಿಯುವ ಗಂಡಸು ಸತ್ತರೆ ಮನೆ ಹೇಗೆ ಬೀದಿಗೆ ಬೀಳುತ್ತದೆ ಎಂಬುದನ್ನು ಅವರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ನ್ಯೂ ಹೇವನ್ ನಗರದ ಸೇಂಟ್ ಮೇರೀಸ್ ಚರ್ಚಿನಲ್ಲಿ ಸಹಾಯಕ ಗುರುವಾಗಿದ್ದಾಗ ಡೌನ್ಸ್ ಎಂಬ ಕುಟುಂಬದ ಯಜಮಾನ ತೀರಿಕೊಂಡು, ಮಕ್ಕಳಿಗೆ ಪಾಲಕರು ಯಾರೆಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು. ಆಲ್ಫ್ರೆಡ್ ಎಂಬ ಹುಡುಗನಿಗೆ ತಾನು ಪಾಲಕನಾಗುತ್ತೇನೆಂದು ಮೆಕ್‌ಗಿವ್ನಿಯವರೇ ಎದ್ದು ನಿಂತರು. ಅದೇ ಚರ್ಚಿನ ನೆಲಮಾಳಿಗೆಯಲ್ಲಿ 1881ರ ಅಕ್ಟೋಬರ್‌ನಲ್ಲಿ ಮೊದಲ ಸಭೆ ಸೇರಿತು, 1882ರ ಮಾರ್ಚ್ 29ರಂದು ಕನೆಕ್ಟಿಕಟ್ ರಾಜ್ಯದ ಮನ್ನಣೆ ಸಿಕ್ಕಿತು.

ಅಂದಿನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಕೂಡಿಸಿಡುವುದು, ಸದಸ್ಯನೊಬ್ಬ ಸತ್ತರೆ ಅವನ ಹೆಂಡತಿ-ಮಕ್ಕಳಿಗೆ ಅದರಿಂದ ಕೊಡುವುದು. ಇಂಥ ನೆರವು ನೀಡುತ್ತಿದ್ದ ಬೇರೆ ಸಂಘಗಳಲ್ಲಿ ಹಲವು ಫ್ರೀಮೇಸನ್ ಮಾದರಿಯ ರಹಸ್ಯ ಕೂಟಗಳಾಗಿದ್ದುದರಿಂದ ಕಥೋಲಿಕರಿಗೆ ಅವುಗಳ ಬಾಗಿಲು ಧರ್ಮಸಭೆಯ ಕಡೆಯಿಂದಲೇ ಮುಚ್ಚಿತ್ತು. ಮೆಕ್‌ಗಿವ್ನಿ 1890ರಲ್ಲಿ, ಕೇವಲ 38ನೆಯ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. 2020ರ ಅಕ್ಟೋಬರ್ 31ರಂದು ಹಾರ್ಟ್‌ಫರ್ಡ್‌ನ ಪ್ರಧಾನಾಲಯದಲ್ಲಿ ಅವರನ್ನು ಪುನೀತರೆಂದು ಸಾರಲಾಯಿತು. ಇಂದು ಸಂಘದಲ್ಲಿ 20 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ; ಅಮೆರಿಕ, ಕೆನಡಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಪೋಲೆಂಡ್ ಮೊದಲಾದ ದೇಶಗಳಲ್ಲಿ ಅದರ ಘಟಕಗಳಿವೆ. ಈ ಘಟಕಕ್ಕೆ ಕೌನ್ಸಿಲ್ ಎನ್ನುತ್ತಾರೆ.

ಮೊದಲ ಹೆಜ್ಜೆ: ಇಬ್ಬರ ಅರ್ಹತೆಯನ್ನೂ ಬೇರೆ ಬೇರೆಯಾಗಿ ನೋಡಿ

ಷರತ್ತುಗಳು ಮೂರೇ: ಗಂಡಸಾಗಿರಬೇಕು, 18 ತುಂಬಿರಬೇಕು, ರೋಮಿನ ಪೀಠದೊಡನೆ ಐಕ್ಯದಲ್ಲಿರುವ ಆಚರಣಶೀಲ ಕಥೋಲಿಕನಾಗಿರಬೇಕು. ಪೌರತ್ವ ಈ ಪಟ್ಟಿಯಲ್ಲಿಲ್ಲ. ಹಸಿರು ಕಾರ್ಡು ಕೈಗೆ ಬರಲಿ ಎಂದು ಕಾಯುತ್ತಾ ಕೂರಬೇಕಾಗಿಲ್ಲ.

ಮೂರನೆಯ ಷರತ್ತಿನ ಬಗ್ಗೆ ನಮ್ಮವರಲ್ಲಿ ಎರಡು ಗೊಂದಲಗಳಿವೆ. ಒಂದನೆಯದು ಪೂಜಾವಿಧಿಯ ವಿಚಾರ. ಸಿರೋ-ಮಲಬಾರ್ ಸಂಪ್ರದಾಯದವರು, ಉದಾಹರಣೆಗೆ ಬೆಳ್ತಂಗಡಿ ಧರ್ಮಪ್ರಾಂತದಿಂದ ಬಂದ ಕುಟುಂಬಗಳು, ತಮಗೆ ಲತೀನ್ ವಿಧಿಯವರ ಸಂಘದಲ್ಲಿ ಜಾಗವಿಲ್ಲವೆಂದುಕೊಳ್ಳುತ್ತಾರೆ. ಅದು ತಪ್ಪು. ಪೋಪರೊಡನೆ ಐಕ್ಯದಲ್ಲಿರುವ ಪೌರ್ವಾತ್ಯ ಸಭೆಗಳವರೂ ಕಥೋಲಿಕರೇ, ಅವರೂ ಸೇರಬಹುದು. ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಅಥವಾ ಆರ್ಥೊಡಾಕ್ಸ್ ಸಭೆಯವರು ಮಾತ್ರ ಸದಸ್ಯರಾಗಲಾರರು. ಸೇವಾಕಾರ್ಯಗಳಲ್ಲಿ ಕೈಜೋಡಿಸಲು ಅವರಿಗೂ ಅಡ್ಡಿಯಿಲ್ಲ. ಎರಡನೆಯ ಗೊಂದಲ ಆಚರಣಶೀಲ ಎಂಬ ಪದದ್ದು. ದೇವರ ಕಟ್ಟಳೆಗಳನ್ನೂ ಧರ್ಮಸಭೆಯ ಕಟ್ಟಳೆಗಳನ್ನೂ ಒಪ್ಪಿ ನಡೆಯಲು ಯತ್ನಿಸುವವನು ಎಂಬುದಷ್ಟೇ ಅದರ ಅರ್ಥ. ಎಂದೂ ತಪ್ಪದವನು ಎಂದಲ್ಲ. ಆದರೆ ಮದುವೆ ಚರ್ಚಿನಲ್ಲಿ ಆಶೀರ್ವದಿತವಾಗಿರದಿದ್ದರೆ, ಅಥವಾ ವರ್ಷಗಟ್ಟಲೆ ಪಾಪನಿವೇದನೆ ಮಾಡದೆ ಇದ್ದರೆ, ಅರ್ಜಿಗೆ ಮೊದಲು ನಿಮ್ಮ ಗುರುಗಳೊಡನೆ ಕುಳಿತು ಮಾತನಾಡಿ. ಅರ್ಜಿ ಹಾಕಿದ ಮೇಲೆ, ಅದೂ ಮಗನ ಎದುರಿಗೆ, ಈ ಮಾತು ಬರುವುದಕ್ಕಿಂತ ಇದು ಮೇಲು. ಫ್ರೀಮೇಸನ್ ಲಾಜಿನ ಸದಸ್ಯತ್ವ ಇಟ್ಟುಕೊಂಡು ಇಲ್ಲಿಗೆ ಬರುವಂತಿಲ್ಲ. 1983ರಲ್ಲಿ ವ್ಯಾಟಿಕನ್ ಆ ನಿಷೇಧವನ್ನು ಮತ್ತೆ ಸ್ಪಷ್ಟಪಡಿಸಿದೆ.

ಮಗನಿಗೆ ಇನ್ನೂ 18 ಆಗಿಲ್ಲದಿದ್ದರೆ ಎರಡು ದಾರಿಗಳಿವೆ. 10ರಿಂದ 18 ವರ್ಷದ ಹುಡುಗರಿಗಾಗಿ 1925ರಲ್ಲಿ ಮಿನೆಸೋಟಾದ ಡುಲೂತ್ ನಗರದಲ್ಲಿ ಕೊಲಂಬಿಯನ್ ಸ್ಕ್ವೈರ್ಸ್ ಎಂಬ ಕಿರಿಯರ ಶಾಖೆ ಆರಂಭವಾಯಿತು. ಅದರ ಘಟಕಕ್ಕೆ ಸರ್ಕಲ್ ಎಂದು ಹೆಸರು. ಎಲ್ಲ ಕೌನ್ಸಿಲ್‌ಗಳಲ್ಲೂ ಸರ್ಕಲ್ ಇರುವುದಿಲ್ಲವಾದ್ದರಿಂದ ಮೊದಲು ವಿಚಾರಿಸಿ. ಸರ್ಕಲ್ ಇಲ್ಲದಿದ್ದರೆ ತಂದೆ ಈಗಲೇ ಸದಸ್ಯನಾಗಿ, ಮಗನನ್ನು ಬ್ಯಾಸ್ಕೆಟ್‌ಬಾಲ್ ಫ್ರೀ ಥ್ರೋ ಸ್ಪರ್ಧೆಗೋ ಚಳಿಗಾಲದ ಕೋಟು ಹಂಚುವ ಕೆಲಸಕ್ಕೋ ಕರೆದೊಯ್ಯಬಹುದು. ಹೆಣ್ಣುಮಕ್ಕಳೂ ತಾಯಂದಿರೂ ಈ ಕಾರ್ಯಕ್ರಮಗಳಲ್ಲೆಲ್ಲ ಭಾಗವಹಿಸುತ್ತಾರೆ, ಆದರೆ ಸದಸ್ಯತ್ವ ಅವರಿಗಿಲ್ಲ. ನನ್ನ ಮಗಳು ಇದನ್ನು ಒಪ್ಪಿಕೊಂಡಿಲ್ಲ, ಅವಳ ತಕರಾರಿಗೆ ನನ್ನಲ್ಲಿ ಉತ್ತರವೂ ಇಲ್ಲ.

ಎರಡನೆಯ ಹೆಜ್ಜೆ: ಮಗನನ್ನು ಕೇಳಿ, ಹೇಳಬೇಡಿ

ನಮ್ಮ ಮನೆಗಳಲ್ಲಿ ಇಂಥ ವಿಷಯ ಊಟದ ಮೇಜಿನ ಮೇಲೆ ಅಪ್ಪಣೆಯಾಗಿಯೇ ಇಳಿಯುತ್ತದೆ. ಜ್ಞಾನಸ್ನಾನ, ಮೊದಲ ಪರಮಪ್ರಸಾದ, ದೃಢೀಕರಣ ಎಲ್ಲದರಲ್ಲೂ ತಂದೆ-ತಾಯಿ ದಿನ ಗೊತ್ತು ಮಾಡಿದ್ದಾರೆ, ಮಗ ಬಂದು ನಿಂತಿದ್ದಾನೆ. ಇದು ಹಾಗಲ್ಲ. ನಾನು ವಿಷಯ ತೆಗೆದಾಗ ಮಗ ಕೇಳಿದ ಮೊದಲ ಪ್ರಶ್ನೆ ಇದು: “ಇಂಡಿಯಾ ಹುಡುಕಲು ಹೊರಟು ದಾರಿ ತಪ್ಪಿದವನ ಹೆಸರಿನ ಸಂಘಕ್ಕೆ ಇಂಡಿಯಾದವರೇ ಸೇರುವುದೇ?” ನಗು ಬಂದರೂ ಪ್ರಶ್ನೆಯ ಹಿಂದಿರುವುದು ಗಂಭೀರವಾದದ್ದೇ, ಮೂಲನಿವಾಸಿಗಳಿಗೆ ಕೊಲಂಬಸ್ ಮಾಡಿದ್ದನ್ನು ಇಲ್ಲಿನ ಶಾಲೆಗಳಲ್ಲಿ ಮಕ್ಕಳು ಓದಿರುತ್ತಾರೆ. 1882ರಲ್ಲಿ ಆ ಹೆಸರನ್ನು ಏಕೆ ಆರಿಸಿಕೊಂಡರು ಎಂಬುದನ್ನು ಇದ್ದಂತೆ ಹೇಳುವುದು ಒಳ್ಳೆಯದು. ಕಥೋಲಿಕರು ಅಮೆರಿಕಕ್ಕೆ ನಿಷ್ಠರಾಗಿರಲಾರರು ಎಂದು ನೆರೆಯವರು ಮೂದಲಿಸುತ್ತಿದ್ದ ಕಾಲದಲ್ಲಿ, ಈ ನೆಲಕ್ಕೆ ಮೊದಲು ಬಂದವನೇ ಒಬ್ಬ ಕಥೋಲಿಕ ಎಂದು ತೋರಿಸುವುದು ಆ ವಲಸಿಗರಿಗೆ ಬೇಕಿತ್ತು. ಹೆಸರಿನ ಬಗ್ಗೆ ಇಂದು ಮಗನಿಗೆ ಬೇರೆ ಅಭಿಪ್ರಾಯವಿದ್ದರೆ ಅದನ್ನಿಟ್ಟುಕೊಂಡೇ ಅವನು ಸೇರಬಹುದು ಅಥವಾ ಸೇರದಿರಬಹುದು. ಬೇಡವೆಂದರೆ ನೀವೊಬ್ಬರೇ ಸೇರಿ. ಒಂದೆರಡು ವರ್ಷ ನೀವು ಅಲ್ಲಿ ಮಾಡುವುದನ್ನು ಅವನು ನೋಡಲಿ.

ಮೂರನೆಯ ಹೆಜ್ಜೆ: ಕೌನ್ಸಿಲ್ ಆರಿಸುವುದು

ಸಾಮಾನ್ಯವಾಗಿ ನಿಮ್ಮ ಚರ್ಚಿಗೆ ಅಥವಾ ಅಕ್ಕಪಕ್ಕದ ಎರಡು ಮೂರು ಚರ್ಚುಗಳಿಗೆ ಸೇರಿದ ಒಂದು ಕೌನ್ಸಿಲ್ ಇರುತ್ತದೆ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುತ್ತದೆ. ಅದರ ಮುಖ್ಯಸ್ಥನಿಗೆ ಗ್ರ್ಯಾಂಡ್ ನೈಟ್ ಎಂದೂ ಲೆಕ್ಕಪತ್ರ ಮತ್ತು ಸದಸ್ಯತ್ವದ ಕಾಗದ ನೋಡಿಕೊಳ್ಳುವವನಿಗೆ ಫೈನಾನ್ಶಿಯಲ್ ಸೆಕ್ರೆಟರಿ ಎಂದೂ ಹೆಸರು. ಕಾಗದಪತ್ರದ ಕೆಲಸವೆಲ್ಲ ಎರಡನೆಯವನಲ್ಲಿಯೇ ಆಗುವುದರಿಂದ ಅವನ ಪರಿಚಯ ಮಾಡಿಕೊಳ್ಳುವುದು ಜಾಣತನ.

ಸೇರುವ ಮೊದಲು ಇಬ್ಬರೂ ಕೌನ್ಸಿಲ್‌ನ ಯಾವುದಾದರೂ ಒಂದು ಸೇವಾಕಾರ್ಯಕ್ಕೆ ಹೋಗಿ ಬನ್ನಿ. ವ್ಯವಹಾರದ ಸಭೆಗಳು ಸದಸ್ಯರಿಗೆ ಮಾತ್ರ, ಕೆಲಸದ ದಿನಗಳು ಎಲ್ಲರಿಗೂ ತೆರೆದಿರುತ್ತವೆ. ಹೋದಾಗ ನೋಡಬೇಕಾದದ್ದು ಒಂದೇ: ಕೆಲಸ ಮಾಡುವವರಲ್ಲಿ 30ಕ್ಕಿಂತ ಕಡಿಮೆ ವಯಸ್ಸಿನವರು ಎಷ್ಟು ಮಂದಿ? ಎಲ್ಲರೂ ನಿವೃತ್ತರೇ ಆಗಿರುವ ಕೌನ್ಸಿಲ್‌ನಲ್ಲಿ ತಂದೆಗೆ ಹಿತವೆನಿಸಬಹುದು, ಆದರೆ ಮಗ ಆರು ತಿಂಗಳಲ್ಲಿ ಬರುವುದನ್ನು ಬಿಡುತ್ತಾನೆ. ಮಗ ಕಾಲೇಜಿಗೆ ದೂರ ಹೋಗುವವನಾದರೆ ಅಲ್ಲಿ ಕಾಲೇಜು ಕೌನ್ಸಿಲ್ ಇದೆಯೇ ಎಂದು ವಿಚಾರಿಸಿ. ಇವುಗಳಲ್ಲಿ ಅತ್ಯಂತ ಹಳೆಯದು ನಾಟ್ರ ಡೇಮ್ ವಿಶ್ವವಿದ್ಯಾಲಯದ 1477ನೇ ಕೌನ್ಸಿಲ್; ಅದು ಆರಂಭವಾದದ್ದು 1910ರಲ್ಲಿ. ಇಬ್ಬರೂ ಒಂದೇ ಕೌನ್ಸಿಲ್‌ನಲ್ಲಿ ಇರಲೇಬೇಕೆಂಬ ನಿಯಮವಿಲ್ಲ.

ನಾಲ್ಕನೆಯ ಹೆಜ್ಜೆ: ಎರಡು ಅರ್ಜಿ, ಎರಡು ಕೈಬರಹ

ಸದಸ್ಯತ್ವದ ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಬಹುದು, ಕಾಗದದ ಮೇಲೂ ತುಂಬಬಹುದು. ಕಾಗದದ ನಮೂನೆಯನ್ನು ಹಳಬರು ಇಂದಿಗೂ ಫಾರ್ಮ್ 100 ಎಂದೇ ಕರೆಯುತ್ತಾರೆ. ಹೆಸರು, ಹುಟ್ಟಿದ ದಿನ, ವಿಳಾಸ, ಉದ್ಯೋಗ, ಸೇರಿದ ಚರ್ಚು, ಪ್ರಸ್ತಾಪಿಸುವ ಸದಸ್ಯನ ಹೆಸರು ಮುಂತಾದವು ಅದರಲ್ಲಿವೆ. ಪ್ರಸ್ತಾಪಕ ಬೇಕೇಬೇಕು ಎಂಬ ಅಳುಕು ಬೇಡ, ಕೌನ್ಸಿಲ್‌ನ ಯಾರನ್ನು ಕೇಳಿದರೂ ಸಂತೋಷದಿಂದ ಸಹಿ ಹಾಕುತ್ತಾರೆ. ಸೇರ್ಪಡೆ ಶುಲ್ಕವನ್ನೂ ವಾರ್ಷಿಕ ಚಂದಾವನ್ನೂ ಆಯಾ ಕೌನ್ಸಿಲ್ ನಿಗದಿ ಮಾಡುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ನಾನು ಎಡವಿದ್ದು ಇಲ್ಲಿಯೇ. ಮಗ ಪರೀಕ್ಷೆಯ ಗಡಿಬಿಡಿಯಲ್ಲಿದ್ದಾನೆಂದು ಅವನ ನಮೂನೆಯನ್ನೂ ನಾನೇ ತುಂಬಿ, ಸಹಿಯ ಜಾಗ ಮಾತ್ರ ಖಾಲಿ ಬಿಟ್ಟು, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅದನ್ನು ತೆಗೆದುಕೊಂಡ ಹಿರಿಯರು ಕನ್ನಡಕ ಏರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಎರಡರಲ್ಲೂ ಒಂದೇ ನೀಲಿ ಶಾಯಿ, ಒಂದೇ ಓರೆ ಅಕ್ಷರ. ಮಗನದನ್ನು ಮೆಲ್ಲನೆ ಮಡಚಿ ನನ್ನ ಕೈಗೆ ಹಿಂದಿರುಗಿಸಿ, ಇದನ್ನು ಅವನೇ ಬರೆದು ಅವನೇ ತಂದುಕೊಡಲಿ ಎಂದರು. ಅಂದು ಸ್ವಲ್ಪ ಮುಖ ಸಣ್ಣದಾಯಿತು. ಮಗ ಮೂರು ವಾರ ಬಿಟ್ಟು ತಾನೇ ಬರೆದು ಕೊಟ್ಟ. ಆ ಮೂರು ವಾರ ನಾನು ನೆನಪಿಸದೆ ಸುಮ್ಮನಿದ್ದುದೇ ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಕಷ್ಟವಾದ ಕೆಲಸ.

ಐದನೆಯ ಹೆಜ್ಜೆ: ಪ್ರವೇಶ ಸಮಿತಿಯ ಮಾತುಕತೆ

ಅರ್ಜಿ ಕೊಟ್ಟ ಮೇಲೆ ಪ್ರವೇಶ ಸಮಿತಿಯವರು ಮಾತನಾಡಿಸುತ್ತಾರೆ. ಇದು ಉದ್ಯೋಗದ ಸಂದರ್ಶನವಲ್ಲ, ಧರ್ಮೋಪದೇಶದ ಪರೀಕ್ಷೆಯೂ ಅಲ್ಲ. ಏಕೆ ಸೇರಬೇಕೆನಿಸಿತು, ಚರ್ಚಿನಲ್ಲಿ ಏನು ಮಾಡುತ್ತಿದ್ದೀರಿ, ತಿಂಗಳಿಗೆ ಎಷ್ಟು ಸಮಯ ಕೊಡಬಲ್ಲಿರಿ ಎಂಬಂಥ ಪ್ರಶ್ನೆಗಳು ಬರುತ್ತವೆ. ಸಾಧ್ಯವಾದರೆ ತಂದೆ-ಮಗ ಬೇರೆ ಬೇರೆ ಹೊತ್ತಿಗೆ ಹೋಗಿ. ಒಟ್ಟಿಗೆ ಕೂತರೆ ಮಗನಿಗೆ ಕೇಳಿದ ಪ್ರಶ್ನೆಗೂ ತಂದೆಯೇ ಉತ್ತರ ಕೊಡುತ್ತಾನೆ, ಇದು ನಮ್ಮವರ ರಕ್ತದಲ್ಲಿಯೇ ಇದೆ. ಬಳಿಕ ಕೌನ್ಸಿಲ್ ಸಭೆಯಲ್ಲಿ ಅನುಮೋದನೆ ಆಗುತ್ತದೆ, ಸಮಾರಂಭದ ದಿನ ತಿಳಿಸುತ್ತಾರೆ.

ಆರನೆಯ ಹೆಜ್ಜೆ: ಸೇರ್ಪಡೆಯ ಸಂಜೆ

ಸದಸ್ಯತ್ವದ ಹಂತಗಳಿಗೆ ಇಲ್ಲಿ ಡಿಗ್ರಿ ಎನ್ನುತ್ತಾರೆ. ಹಿಂದೆ ಮೊದಲ ಮೂರು ಡಿಗ್ರಿಗಳನ್ನು ಬೇರೆ ಬೇರೆ ದಿನ, ಸದಸ್ಯರಲ್ಲದವರ ಕಣ್ಣಿಗೆ ಬೀಳದಂತೆ ಕೊಡುತ್ತಿದ್ದರು. 2020ರಿಂದ ಪರೋಪಕಾರ, ಐಕ್ಯ, ಭ್ರಾತೃತ್ವ ಎಂಬ ಮೂರೂ ಪಾಠಗಳನ್ನು ಒಂದೇ ಸಮಾರಂಭದಲ್ಲಿ ಸೇರಿಸಿ, ಮನೆಯವರೂ ಸ್ನೇಹಿತರೂ ಬಂದು ನೋಡುವಂತೆ ಮಾಡಲಾಗಿದೆ. ನಮ್ಮಂಥ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಗಂಡ-ಮಗ ಬಾಗಿಲು ಮುಚ್ಚಿಕೊಂಡು ಏನು ಮಾಡುತ್ತಾರೆ ಎಂಬ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಹಳೆಯ ಸದಸ್ಯರಲ್ಲಿ ಕೆಲವರಿಗೆ ಆ ಗುಟ್ಟಿನ ಸೊಗಸು ಹೋಯಿತೆಂಬ ಬೇಸರವಿದೆ, ನನಗಿಲ್ಲ.

ಕೋಟು, ಟೈ ಹಾಕಿಕೊಂಡು ಅರ್ಧ ಗಂಟೆ ಮೊದಲೇ ಹೋಗಿ. ಸಮಾರಂಭವೇನೂ ದೀರ್ಘವಲ್ಲ. ಹೊಸ ಸದಸ್ಯರಿಗೆ ಜಪಸರ ಕೊಡುತ್ತಾರೆ. ನಮ್ಮ ಸರದಿಯಲ್ಲಿ ನಾವಿಬ್ಬರೂ ಪಕ್ಕಪಕ್ಕದಲ್ಲಿದ್ದೆವು. ನನ್ನ ಕೋಟಿನ ಜೇಬಿನಲ್ಲಿ ಅಮ್ಮ ಕೊಟ್ಟ ಹಳೆಯ ಜಪಸರ ಇತ್ತು, ಮಣಿಗಳು ಸವೆದು ನುಣುಪಾದದ್ದು. ಇಂದಿಗೂ ಪ್ರಾರ್ಥಿಸುವುದು ಅದರಲ್ಲಿಯೇ, ಹೊಸದನ್ನು ಕಾರಿನಲ್ಲಿಟ್ಟಿದ್ದೇನೆ. ಮಗ ಮಾತ್ರ ತನ್ನದನ್ನು ಕಾಲೇಜಿನ ಚೀಲದೊಳಗೆ ಹಾಕಿಕೊಂಡ. ಸಮಾರಂಭ ಮುಗಿದ ಮೇಲೆ ಗ್ರ್ಯಾಂಡ್ ನೈಟ್ ಇಬ್ಬರ ಕೈಯನ್ನೂ ಕುಲುಕಿ, ಇಬ್ಬರನ್ನೂ “ಬ್ರದರ್” ಎಂದೇ ಕರೆದರು. ಮಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ದೇಶಪ್ರೇಮದ ಪಾಠವಿರುವ ನಾಲ್ಕನೆಯ ಡಿಗ್ರಿ ಬೇರೆಯೇ. ಅದು 1900ರಲ್ಲಿ ಬಂದದ್ದು. ಮೆರವಣಿಗೆಗಳಲ್ಲಿ ಬೆರೆ (beret) ಎಂಬ ಚಪ್ಪಟೆ ಟೊಪ್ಪಿ ತೊಟ್ಟು ಬರುವವರು ಆ ಡಿಗ್ರಿಯವರು. ಅದಕ್ಕೆ ಅವಸರ ಬೇಡ.

ಏಳನೆಯ ಹೆಜ್ಜೆ: ಮೊದಲ ವರ್ಷವನ್ನು ಅಡುಗೆಮನೆಯಲ್ಲಿ ಕಳೆಯಿರಿ

ಸಮಾರಂಭವಾದ ಮೇಲೆ ಬಹುಪಾಲು ಹೊಸಬರು ಕಾಣೆಯಾಗುತ್ತಾರೆ. ಹಾಗಾಗದಿರಲು ಒಂದೇ ಉಪಾಯ: ಸಭೆಗಿಂತ ಮೊದಲು ಕೆಲಸಕ್ಕೆ ಹೋಗಿ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಅಮೆರಿಕದ ಅನೇಕ ಕೌನ್ಸಿಲ್‌ಗಳು ಚರ್ಚಿನ ಸಭಾಂಗಣದಲ್ಲಿ ಫಿಶ್ ಫ್ರೈ ನಡೆಸುತ್ತವೆ. ಮಾಂಸ ವರ್ಜ್ಯವಾದ ದಿನ ಇಡೀ ಊರು ಬಂದು ಕರಿದ ಮೀನು ತಿನ್ನುತ್ತದೆ, ಬಂದ ಹಣ ಸೇವಾನಿಧಿಗೆ ಹೋಗುತ್ತದೆ. ತಂದೆ-ಮಗ ಸೇರಿ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಂಡಿಲ್ಲ. ಮಧ್ಯಾಹ್ನ ಮೂರಕ್ಕೆ ಹೆಪ್ಪುಗಟ್ಟಿದ ಕಾಡ್ ಮೀನಿನ ಪೆಟ್ಟಿಗೆ ಒಡೆಯುವುದು, ತುಂಡುಗಳ ನೀರು ಒರೆಸುವುದು, ಹಿಟ್ಟು ಕಲಸುವುದು, ಎಣ್ಣೆಯ ಬಿಸಿಯನ್ನು ಉಷ್ಣಮಾಪಕದ ಮುಳ್ಳು ನೋಡಿ ಹದಕ್ಕೆ ತರುವುದು, ಐದೂವರೆಗೆ ಬಾಗಿಲು ತೆರೆದ ಮೇಲೆ ಎರಡು ಗಂಟೆ ತಲೆ ಎತ್ತಲು ಬಿಡುವಿಲ್ಲ. ಆ ಹಿಟ್ಟಿನಲ್ಲಿ ಉಪ್ಪು, ಕರಿಮೆಣಸಿನ ಹೊರತು ಬೇರೇನೂ ಇರುವುದಿಲ್ಲ. ಮಂಗಳೂರಿನ ನಾಲಗೆಗೆ ಅದು ಪ್ರಾಯಶ್ಚಿತ್ತವೇ ಸರಿ. ಎರಡನೆಯ ವರ್ಷ ಮೆಣಸಿನ ಪುಡಿ, ಅರಿಶಿನ, ಹುಣಸೆಹುಳಿ ಹಚ್ಚಿದ ಒಂದು ತಟ್ಟೆ ಮೀನನ್ನು ಕೆಲಸದವರಿಗೆಂದು ಮಾತ್ರ ಕರಿದೆವು. ಮೂರನೆಯ ವರ್ಷ ಅದನ್ನೇ ಮಾರಾಟಕ್ಕೂ ಇಟ್ಟರು.

ಇಲ್ಲಿ ಮಗನ ಪಕ್ಕದಲ್ಲಿಯೇ ನಿಂತು ತಿದ್ದುತ್ತಾ ಇರಬೇಡಿ. ಅವನನ್ನು ಬೇರೆಯವರ ಕೈಕೆಳಗೆ ಬಿಡಿ. ಕೊಳಾಯಿ ಕೆಲಸದವರು, ವಕೀಲರು, ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ತಂದೆಯ ವಯಸ್ಸಿನ ಇಂಥ ಹತ್ತು ಜನ ಗಂಡಸರೊಡನೆ ಸಮಾನನಾಗಿ ದುಡಿಯುವ ಅವಕಾಶ ಇಂದಿನ ಹುಡುಗನಿಗೆ ಬೇರೆಲ್ಲಿದೆ?

ತಿಂಗಳ ಸಭೆಗೆ ಹೋದಾಗ ಕ್ರಮ ಹೀಗಿರುತ್ತದೆ: ಪ್ರಾರ್ಥನೆ, ಅಮೆರಿಕದಲ್ಲಾದರೆ ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ, ಹಿಂದಿನ ಸಭೆಯ ನಡಾವಳಿ, ಲೆಕ್ಕ, ಸಮಿತಿಗಳ ವರದಿ, ಕೊನೆಗೆ ಗುಡ್ ಆಫ್ ದಿ ಆರ್ಡರ್ ಎಂಬ ಭಾಗ; ಅದರಲ್ಲಿ ಕಾಯಿಲೆ ಬಿದ್ದವರ, ತೀರಿಕೊಂಡವರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ತಂದೆಗೆ ಒಂದು ಮತ, ಮಗನಿಗೆ ಒಂದು ಮತ. ಹೊಸ ಫ್ರೈಯರ್ ಕೊಳ್ಳುವ ಗೊತ್ತುವಳಿಯ ಪರವಾಗಿ ನಾನು ಮಾತನಾಡಿ ಕೂತ ಮರುಕ್ಷಣವೇ ಮಗ ಎದ್ದು, ಇರುವುದನ್ನು ರಿಪೇರಿ ಮಾಡಿಸಿ ಉಳಿದ ಹಣವನ್ನು ಆಹಾರ ನಿಧಿಗೆ ಕೊಡೋಣ ಎಂದ. ಅವನ ಪಕ್ಷವೇ ಗೆದ್ದಿತು. ಮನೆಗೆ ಹೋಗುವ ದಾರಿಯಲ್ಲಿ ಈ ವಿಷಯ ಎತ್ತಬಾರದು ಎಂಬುದನ್ನೂ ನಿಯಮವೆಂದೇ ತಿಳಿಯಿರಿ.

ವಿಮೆಯ ಮಾತು ಬಂದಾಗ

ಸೇರಿದ ಕೆಲವು ವಾರಗಳಲ್ಲಿ ಸಂಘದ ವಿಮಾ ಪ್ರತಿನಿಧಿಯಿಂದ ಕರೆ ಬರುವುದು ವಾಡಿಕೆ. ವಿಧವೆಯರ ನಿಧಿಯಾಗಿ ಆರಂಭವಾದದ್ದೇ ಬೆಳೆದು ಇಂದು ದೊಡ್ಡ ಜೀವವಿಮಾ ವ್ಯವಹಾರವಾಗಿದೆ. ವಿಮೆ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಕೊಳ್ಳದ ಸದಸ್ಯನಿಗೂ ಕೌನ್ಸಿಲ್‌ನಲ್ಲಿ ಅದೇ ಸ್ಥಾನ, ಅದೇ ಮತ. ಪ್ರತಿನಿಧಿಯನ್ನು ಭೇಟಿಯಾಗಿ, ಹೇಳಿದ್ದನ್ನು ಬರೆದುಕೊಳ್ಳಿ, ಹೊರಗಿನ ಎರಡು ಕಂಪನಿಗಳ ದರದೊಡನೆ ಹೋಲಿಸಿ, ಆಮೇಲೆ ಉತ್ತರ ಕೊಡಿ. ಮಗನ ಪಾಲಿಸಿಯ ಮಾತು ಮಗನೊಡನೆಯೇ ಆಗಲಿ, ನೀವು ಪಕ್ಕದಲ್ಲಿ ಕೂತರೆ ಸಾಕು.

ಮಗ ಬೇರೆ ಊರಿಗೆ ಹೋದಾಗ

ಕಾಲೇಜಿಗೋ ಕೆಲಸಕ್ಕೋ ಹೊರಟ ಮಗ ಸದಸ್ಯತ್ವವನ್ನು ಬಿಟ್ಟುಹೋಗಬೇಕಾಗಿಲ್ಲ. ಹೊಸ ಊರಿನ ಕೌನ್ಸಿಲ್‌ನ ಫೈನಾನ್ಶಿಯಲ್ ಸೆಕ್ರೆಟರಿಯನ್ನು ಕಂಡು ವರ್ಗಾವಣೆ ಕೇಳಿದರೆ ಅವರೇ ಕಾಗದ ನಡೆಸುತ್ತಾರೆ. ಹೊಸದಾಗಿ ಸಮಾರಂಭ ಬೇಕಿಲ್ಲ. ವರ್ಗಾವಣೆಗೆ ಮೊದಲು ಹಳೆಯ ಕೌನ್ಸಿಲ್‌ನಲ್ಲಿ ಚಂದಾ ಬಾಕಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಾರ್ಷಿಕ ಚಂದಾದ ನೋಟೀಸು ನಮ್ಮ ಮನೆಗೆ ಎರಡು ಲಕೋಟೆಗಳಲ್ಲಿ ಬರುತ್ತದೆ. ಮೊದಲ ವರ್ಷ ಎರಡಕ್ಕೂ ನಾನೇ ಚೆಕ್ಕು ಬರೆದಿದ್ದೆ. ಈಗ ಮಗನದನ್ನು ಒಡೆಯದೆ ಅವನ ಕೋಣೆಯ ಮೇಜಿನ ಮೇಲೆ ಇಟ್ಟು ಬರುತ್ತೇನೆ.